ಮಲಮಕ್ಕಳಿಲ್ಲದ ಮನೆ

ಸ್ಟಾಕ್‌ಹೋಮ್, ಸ್ವೀಡನ್

ಪ್ರೀತಿಯ ಅಪ್ಪನಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು.

ನಾವೆಲ್ಲ ಇಲ್ಲಿ ಆರಾಮ. ಅಮ್ಮನ ಮಂಡಿ ನೋವು ಹೇಗಿದೆ? ಅಡಿಕೆ ಕೊಯ್ಲು ಮುಗಿಯಿತಾ?

ಹೋದ ಭಾನುವಾರ ಫೋನಿನಲ್ಲಿ ನೀವು ಒಂದು ಮಾತು ಕೇಳಿದಿರಿ. ಪುಟ್ಟನಿಗೆಂದು ಸರ್ಕಾರದಿಂದ ಪ್ರತಿ ತಿಂಗಳು 1250 ಕ್ರೋನಾ ಬರುತ್ತದೆ ಎಂದೆನಲ್ಲ, ಆಗ. "ನಿಮಗ್ಯಾಕೆ ಕೊಡ್ತಾರೆ? ನೀವಿಬ್ಬರೂ ದುಡೀತೀರಿ. ಇಲ್ಲದವರಿಗೆ ಕೊಡಬಾರದಾ?" ಅಂದಿರಿ. ಅಷ್ಟರಲ್ಲಿ ಲೈನ್ ಕಟ್ ಆಯಿತು. ಇದು ಫೋನಿನಲ್ಲಿ ಹೇಳಿ ಮುಗಿಸುವ ವಿಷಯ ಅಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮೊನ್ನೆ 12ನೇ ನಂಬರಿನ ಟ್ರಾಮ್ ಹತ್ತಿ ಓಲ್‌ಸ್ಟೆನ್ ಎಂಬ ಕಡೆ ಹೋಗಿದ್ದೆ. ಇಳಿಜಾರಿನಲ್ಲಿ ಒಂದಕ್ಕೊಂದು ಅಂಟಿಕೊಂಡ ಸಣ್ಣ ಮನೆಗಳ ಸಾಲು. ಅದರಲ್ಲೊಂದು ಮನೆಯಲ್ಲಿ ಈ ದೇಶದ ಪ್ರಧಾನಿ ಇದ್ದರು ಅಪ್ಪ. ಪೇರ್ ಆಲ್ಬಿನ್ ಹಾನ್ಸನ್. ಗಾರೆ ಕೆಲಸದವನ ಮಗ, ಶಾಲೆಗೆ ಹೋಗಿದ್ದು ನಾಲ್ಕೇ ವರ್ಷ. 1946ರ ಅಕ್ಟೋಬರ್‌ನಲ್ಲಿ ಒಂದು ರಾತ್ರಿ, ಪ್ರಧಾನಿಯಾಗಿದ್ದಾಗಲೇ, ಮನೆಗೆ ಬರುವಾಗ ಟ್ರಾಮ್ ಇಳಿದವರು ಅಲ್ಲೇ ಕುಸಿದು ತೀರಿಕೊಂಡರು. ಆ ಸ್ಟಾಪಿನಲ್ಲಿ ಸ್ವಲ್ಪ ಹೊತ್ತು ಸುಮ್ನೆ ನಿಂತಿದ್ದೆ.

1928ರಲ್ಲಿ ಅವರು ಸಂಸತ್ತಿನಲ್ಲಿ ಒಂದು ಭಾಷಣ ಮಾಡಿದರು. ದೇಶ ಒಂದು ಒಳ್ಳೆಯ ಮನೆಯ ಹಾಗಿರಬೇಕು ಎಂದರು. ಒಳ್ಳೆಯ ಮನೆಯಲ್ಲಿ ಮುದ್ದಿನ ಮಗು, ಮಲಮಗು ಅಂತ ಭೇದ ಇರುವುದಿಲ್ಲ. ಬಲ ಇದ್ದವನು ಇಲ್ಲದವನನ್ನು ತುಳಿದು ದೋಚುವುದಿಲ್ಲ. ಇಲ್ಲಿಯವರು ಇದನ್ನು ಫೋಲ್ಕ್‌ಹೆಮ್ಮೆಟ್ ಅನ್ನುತ್ತಾರೆ, ಅಂದರೆ ಜನರ ಮನೆ. ಅವರ ಪಕ್ಷ, ಸ್ವೀಡನ್ನಿನ ಸೋಶಿಯಲ್ ಡೆಮಾಕ್ರಟರ ಕನಸೆಲ್ಲ ಈ ಒಂದು ಮಾತಿನಲ್ಲಿದೆ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಈ ದೇಶದಲ್ಲೂ ಹಿಂದೆ ಬಡವರಿಗೆ ಮಾತ್ರ ಕೊಡುತ್ತಿದ್ದರು. ಹೇಗೆ ಕೊಡುತ್ತಿದ್ದರು ಗೊತ್ತಾ? ಹಳ್ಳಿಗಳಲ್ಲಿ ಅನಾಥ ಮಕ್ಕಳನ್ನು, ದಿಕ್ಕಿಲ್ಲದ ಮುದುಕರನ್ನು ಎದುರಿಗೆ ನಿಲ್ಲಿಸಿ ಹರಾಜು ಹಾಕುತ್ತಿದ್ದರು. ಊರಿನಿಂದ ಅತಿ ಕಡಿಮೆ ದುಡ್ಡು ತೆಗೆದುಕೊಂಡು ಸಾಕುತ್ತೇನೆ ಎಂದವನ ಮನೆಗೆ ಆ ಮಗು ಹೋಗಬೇಕು. ಕಾನೂನು ಇದನ್ನು ನಿಲ್ಲಿಸಿದ್ದು 1918ರಲ್ಲಿ. ಊರಿನ ಬಡವರ ನಿಧಿಯಿಂದಲೇ ಬದುಕುವವರಿಗೆ 1945ರ ತನಕ ಓಟೂ ಇರಲಿಲ್ಲ. ಓದುತ್ತಾ ನನಗೆ ಹೊಟ್ಟೆಯೊಳಗೆ ಸಂಕಟವಾಯಿತು. ಇಲ್ಲದವರಿಗೆ ಮಾತ್ರ ಕೊಡಬೇಕು ಅಂದರೆ ಅವರು ಮೊದಲು ತಮ್ಮ ಇಲ್ಲದಿರುವಿಕೆಯನ್ನು ಯಾರದೋ ಮುಂದೆ ತೋರಿಸಬೇಕು ಅಲ್ವಾ? ತಲೆ ತಗ್ಗಿಸಬೇಕು. ಅದಕ್ಕೇ 1948ರಲ್ಲಿ ಎಲ್ಲ ಮಕ್ಕಳಿಗೂ ಒಂದೇ ಮೊತ್ತ ಎಂದು ಮಾಡಿದರು. ಆಗ ವರ್ಷಕ್ಕೆ 260 ಕ್ರೋನಾ. ಕಾರ್ಖಾನೆ ಮಾಲೀಕನ ಮಗುವಿಗೂ ಅಷ್ಟೇ, ಅಲ್ಲಿ ಕಸ ಗುಡಿಸುವವಳ ಮಗುವಿಗೂ ಅಷ್ಟೇ. ಜಾಸ್ತಿ ಇದ್ದವರಿಂದ ಜಾಸ್ತಿ ತೆರಿಗೆ ತೆಗೆದುಕೊಳ್ಳುವುದು ಬೇರೆ ಬಾಗಿಲಲ್ಲಿ.

ಪುಟ್ಟನ ಶಾಲೆಯಲ್ಲಿ ಮಧ್ಯಾಹ್ನದ ಊಟ ನೋಡಿದ್ದೇನೆ. ಮಕ್ಕಳು ತಟ್ಟೆ ಹಿಡಿದು ಸಾಲಿನಲ್ಲಿ ನಿಲ್ಲುತ್ತಾರೆ, ಆಲೂಗಡ್ಡೆ, ಬೇಳೆಯ ಸಾರು, ಒಂದು ತುಂಡು ಗಟ್ಟಿ ರೊಟ್ಟಿ ಹಾಕಿಕೊಂಡು ಹೋಗಿ ಕೂರುತ್ತಾರೆ. ಕಾರ್ಡಿಲ್ಲ, ಪಟ್ಟಿಯಿಲ್ಲ. ಯಾರ ಅಪ್ಪ ಏನು ಎಂದು ತಟ್ಟೆ ನೋಡಿ ಹೇಳಲು ಆಗುವುದಿಲ್ಲ.

ನನಗೆ ಆಗ ಅಜ್ಜ ನೆನಪಾದರು. ಗೇಣಿ ಭತ್ತ ಅಳೆಯಲು ಒಡೆಯರ ಮನೆಯಿಂದ ತರುತ್ತಿದ್ದ ಆ ದೊಡ್ಡ ಕೊಳಗದ ಕಥೆ. ಬೆಳೆದವನ ಕಣ್ಣೆದುರೇ ಅಳತೆ ಮೋಸ. 1951ರಲ್ಲಿ ಕಾಗೋಡಿನ ಗೇಣಿದಾರರು ಎದ್ದು ನಿಂತಾಗ ಅವರು ದಯೆ ಕೇಳಲಿಲ್ಲ. ಅಳತೆ ಸರಿ ಇರಲಿ ಎಂದರು, ಉಳುವ ನೆಲ ನಮ್ಮದು ಎಂದರು. ಸಮಾಜವಾದಿ ನಾಯಕ ಲೋಹಿಯಾ ಅಲ್ಲಿಗೆ ಬಂದು ಅರೆಸ್ಟ್ ಆದದ್ದನ್ನು ನೀವೇ ನನಗೆ ಎಷ್ಟು ಸಲ ಹೇಳಿದ್ದೀರಿ! ಅದೇ 1951ರಲ್ಲಿ ಇಲ್ಲಿನ ಕಾರ್ಮಿಕ ಸಂಘಟನೆಯ ಸಮ್ಮೇಳನದಲ್ಲಿ ರೇನ್ ಮತ್ತು ಮೈಡ್ನರ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಒಂದು ಯೋಜನೆ ಮುಂದಿಟ್ಟರು. ಒಂದೇ ಕೆಲಸಕ್ಕೆ ಎಲ್ಲ ಕಡೆ ಒಂದೇ ಕೂಲಿ, ಕಂಪನಿಗೆ ಲಾಭ ಎಷ್ಟೇ ಬರಲಿ. ಆ ಕೂಲಿ ಕೊಡಲಾಗದ ಕಂಪನಿ ಮುಚ್ಚಲಿ, ಕೆಲಸ ಹೋದವನಿಗೆ ಸರ್ಕಾರ ಹೊಸ ಕೆಲಸ ಕಲಿಸಲಿ. ಇದೂ ಒಂದು ಸರಿಯಾದ ಕೊಳಗವೇ ಎಂದು ನನಗೆ ಅನಿಸಿತು.

ಇನ್ನೊಂದು ವಿಷಯ ಕೇಳಿದರೆ ನಿಮಗೆ ಆಶ್ಚರ್ಯ ಆಗಬಹುದು. ಇವತ್ತಿಗೂ ಇಲ್ಲಿ ಕನಿಷ್ಠ ಕೂಲಿಯ ಕಾನೂನೇ ಇಲ್ಲ. 1938ರಲ್ಲಿ ಸಾಲ್ಟ್‌ಶೋಬಾಡೆನ್ ಎಂಬಲ್ಲಿ ಮಾಲೀಕರ ಸಂಘ, ಕಾರ್ಮಿಕರ ಸಂಘ ಎದುರುಬದುರು ಕೂತು ಒಪ್ಪಂದ ಮಾಡಿಕೊಂಡವು. ಅದಕ್ಕೂ ಏಳು ವರ್ಷ ಮುಂಚೆ ಓಡಾಲೆನ್‌ನಲ್ಲಿ ಕಾರ್ಮಿಕರ ಮೆರವಣಿಗೆಯ ಮೇಲೆ ಸೈನ್ಯ ಗುಂಡು ಹಾರಿಸಿ ಐದು ಜನ ಸತ್ತಿದ್ದರು. ಅಂಥ ದೇಶ ಮಾತಿಗೆ ಕೂತಿತು. ಕೂಲಿ ಇಂದಿಗೂ ಹಾಗೇ ಚೌಕಾಸಿಯಲ್ಲೇ ತೀರ್ಮಾನವಾಗುತ್ತದೆ.

ಚೌಕಾಸಿ ಅಂದಾಗ ನೆನಪಾಯಿತು. 1933ರಲ್ಲಿ ಹಾನ್ಸನ್ ಅವರಿಗೆ ಬಹುಮತ ಇರಲಿಲ್ಲ. ರೈತರ ಪಕ್ಷಕ್ಕೆ ಬೆಣ್ಣೆಗೆ ಒಳ್ಳೆಯ ಬೆಲೆ ಬೇಕಿತ್ತು, ಇವರಿಗೆ ಕೆಲಸವಿಲ್ಲದವರಿಗೆ ಪೂರ್ತಿ ಕೂಲಿಯ ಕೆಲಸ ಬೇಕಿತ್ತು. ಕೊಟ್ಟು ತೆಗೆದುಕೊಂಡರು. ಜನ ಅದಕ್ಕೆ ಹಸು ವ್ಯಾಪಾರ ಎಂದು ಹೆಸರಿಟ್ಟರು. ಅದೇ ವರ್ಷ ಪಕ್ಕದ ಜರ್ಮನಿ ಹಿಟ್ಲರನ ಕೈಗೆ ಹೋಯಿತು.

ಅಪ್ಪ, ಇಷ್ಟು ಬರೆದು ನಿಲ್ಲಿಸಿದರೆ ನಿಮಗೆ ಅರ್ಧ ಸತ್ಯ ಹೇಳಿದ ಹಾಗಾಗುತ್ತದೆ. ಈ ಮನೆಯಲ್ಲೂ ಮಲಮಕ್ಕಳಿದ್ದರು. 1935ರಿಂದ 1975ರ ತನಕ ಸಂತಾನಹರಣಕ್ಕೆಂದೇ ಮಾಡಿದ ಕಾನೂನುಗಳ ಅಡಿ ಸುಮಾರು 63,000 ಜನರಿಗೆ ಸಂತಾನಹರಣ ಮಾಡಿದರು. ಬಹುಪಾಲು ಹೆಂಗಸರು. ಎಲ್ಲರನ್ನೂ ಬಲವಂತ ಮಾಡಿದರು ಅಂತಲ್ಲ. ಆದರೆ ಬುದ್ಧಿ ಸಾಲದು ಎಂದೋ, ಅಲೆಮಾರಿಗಳು ಎಂದೋ ಹಣೆಪಟ್ಟಿ ಹಚ್ಚಿ, ಸಹಿ ಹಾಕಿದರೆ ಮಾತ್ರ ಆಶ್ರಮದಿಂದ ಬಿಡುತ್ತೇವೆ ಎಂದು ಸಾವಿರಾರು ಜನರಿಂದ ಒಪ್ಪಿಗೆ ಕಿತ್ತುಕೊಂಡರು. ಪರಿಹಾರ ಕೊಡಲು ಶುರು ಮಾಡಿದ್ದು 1999ರಲ್ಲಿ. ಮಕ್ಕಳಿಗೆ ಹಣ ಕೊಟ್ಟವರೂ ಇವರೇ, ಯಾರು ಮಕ್ಕಳನ್ನು ಹೆರಬಾರದು ಎಂದು ಬರೆದಿಟ್ಟವರೂ ಇವರೇ. ಇದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ಮನೆ ಎಂಬ ಮಾತು ಎಷ್ಟು ಚೆಂದವೋ, ಅದರ ಬಾಗಿಲಲ್ಲಿ ನಿಂತು ಇವನು ನಮ್ಮವನು, ಇವಳು ಅಲ್ಲ ಅನ್ನುವವನ ಕೈ ಅಷ್ಟೇ ಭಯ ಹುಟ್ಟಿಸುತ್ತದೆ. ಹೊರಗಿನಿಂದ ಬಂದ ನನಗೆ ಅದು ಇನ್ನೂ ಹತ್ತಿರದಿಂದ ತಾಗುತ್ತದೆ.

ಆದರೂ ಆ ಕನಸನ್ನು ಬಿಡಲು ನನಗೆ ಮನಸ್ಸಿಲ್ಲ. ತಿಂಗಳ 20ನೇ ತಾರೀಖು ಆ ಹಣ ಖಾತೆಗೆ ಬಂದಾಗ ನಾನು ಯಾರಿಗೂ ಋಣಿ ಅನಿಸುವುದಿಲ್ಲ, ಕೊಟ್ಟವರು ದೊಡ್ಡವರು ಅಂತಲೂ ಅನಿಸುವುದಿಲ್ಲ. ನನ್ನ ಪಕ್ಕದ ಮನೆಯಲ್ಲಿ ಒಬ್ಬಳೇ ಮೂರು ಮಕ್ಕಳನ್ನು ಸಾಕುವವಳಿಗೂ ಅದೇ ದಿನ ಬರುತ್ತದೆ. ನಾವಿಬ್ಬರೂ ಲಿಫ್ಟಿನಲ್ಲಿ ಸಿಕ್ಕಾಗ ಸಮಸಮವಾಗಿ ನಿಂತು ಮಾತಾಡುತ್ತೇವೆ. ಅದಕ್ಕೇ ನಮಗೂ ಕೊಡುತ್ತಾರೆ ಅಪ್ಪ.

ಅಟ್ಟದ ಮೇಲೆ ಅಜ್ಜನ ಕಾಲದ ಕೊಳಗ ಇತ್ತಲ್ಲ, ಒಮ್ಮೆ ಕೆಳಗಿಳಿಸಿ ಒರೆಸಿ ಒಂದು ಫೋಟೋ ತೆಗೆದು ಕಳಿಸಿ. ಪಕ್ಕದಲ್ಲಿ ಸೇರು ಇಟ್ಟು ತೆಗೆಯಿರಿ, ಎಷ್ಟು ದೊಡ್ಡದು ಅಂತ ಪುಟ್ಟನಿಗೆ ತಿಳಿಯಲಿ. ಕಥೆ ಹೇಳಿದ್ದೇನೆ, ನಂಬುತ್ತಿಲ್ಲ.

ಅಮ್ಮನಿಗೆ ಹೇಳಿ, ಜೂನ್‌ನಲ್ಲಿ ಬರುತ್ತೇವೆ.

ನಿಮ್ಮ ಮಗಳು
ಪುಟ್ಟಿ