ಟೆನ್‌ಬಿಯ ಮಳೆ, ಅಪ್ಪಯ್ಯನ ಕೊಪ್ಪೆ

ಕಾರ್ಡಿಫ್
ಆಗಸ್ಟ್ ಮೊದಲ ವಾರ

ಪ್ರೀತಿಯ ಅಣ್ಣ, ಅತ್ತಿಗೆ,

ಫೋನ್ ಮಾಡಿ ಮಾಡಿ ಸಾಕಾಯ್ತು ಮಾರಾಯ. ನಿಮ್ಮಲ್ಲಿ ಕರೆಂಟ್ ಇದ್ದಾಗ ನೆಟ್‌ವರ್ಕ್ ಇರೋದಿಲ್ಲ, ನೆಟ್‌ವರ್ಕ್ ಬಂದಾಗ ನೀನು ತೋಟದಲ್ಲಿ ಇರ್ತೀಯ, ಅದಕ್ಕೇ ಎಲ್ಲಾ ಉದ್ದಕ್ಕೆ ಟೈಪ್ ಮಾಡಿ ಕಳಿಸ್ತಾ ಇದ್ದೇನೆ, ಶಿರಸಿ ಪೇಟೆಗೆ ಹೋದಾಗ ಆದ್ರೂ ಓದು. ಆಯಿ ಅಪ್ಪಯ್ಯ ಇಬ್ರೂ ಆರಾಮ ಇದ್ದಾರೆ, ಆಯಿಗೆ ಸ್ವಲ್ಪ ಶೀತ ಆಗಿತ್ತು, ಈಗ ಕಡಿಮೆ. ಸಮುದ್ರಕ್ಕೆ ಹೋಗ್ತೇವೆ ಅಂತ ಹೇಳಿದ್ದೆ ಅಲ್ವಾ, ಹೋಗಿ ಬಂದ್ವಿ. ಹೋದಾಗಿಂದ ಬರೋ ತನಕ ಮಳೆ. ಫೋಟೋ ಕೇಳಬೇಡ, ಎಲ್ಲಾ ಫೋಟೋದಲ್ಲೂ ಬೂದಿ ಬಣ್ಣದ ಆಕಾಶ ಮತ್ತು ಆಯಿಯ ಮಂಕಿ ಟೋಪಿ, ಇಷ್ಟೇ.

ಇಲ್ಲಿ ಶಾಲೆಗೆ ಬೇಸಿಗೆ ರಜೆ ಸಿಗೋದೇ ಜುಲೈ ಕೊನೆಗೆ. ಟೆನ್‌ಬಿ ಅಂತ ಊರು, ನಮ್ಮನೆಯಿಂದ ಕಾರಲ್ಲಿ ಎರಡು ತಾಸು. ಊರ ಸುತ್ತ ಹಳೇ ಕೋಟೆ ಗೋಡೆ, ಬಂದರದ ಮೇಲೆ ಸಾಲಾಗಿ ಗುಲಾಬಿ ಹಳದಿ ನೀಲಿ ಬಣ್ಣದ ಮನೆಗಳು, ಮೂರೂ ಕಡೆ ಬೀಚು. ಜನವರಿಯಲ್ಲೇ ಒಂದು ಕ್ಯಾರವಾನ್ ಬುಕ್ ಮಾಡಿದ್ದು. ಕ್ಯಾರವಾನ್ ಅಂದ್ರೆ ಗಾಡಿಗೆ ಕಟ್ಟಿ ಎಳೆಯೋದಲ್ಲ, ಚಕ್ರದ ಮೇಲೆ ಒಂದೇ ಕಡೆ ಕೂತಿರೋ ತಗಡಿನ ಮನೆ, ಒಳಗೆ ಎರಡು ರೂಮು, ಅಡಿಗೆ ಕಟ್ಟೆ, ಒಂದು ಗ್ಯಾಸ್ ಹೀಟರು. ಶಾಲೆ ರಜೆ ಶುರುವಾದ್ರೆ ಬಾಡಿಗೆ ಸೀದಾ ಡಬಲ್ ಮಾಡ್ತಾರೆ, ಮಳೆ ಬಂದ್ರೂ ದುಡ್ಡು ವಾಪಸ್ ಇಲ್ಲ, ಕೇಳಿದ್ದಕ್ಕೆ ಆ ಆಫೀಸಿನ ಹುಡುಗಿ ನಗ್ತಾ ಇದು ವೇಲ್ಸ್ ಅಂದ್ಳು. ಅದಕ್ಕೆ ಏನು ಹೇಳೋದು.

ಹೋಗೋ ದಾರಿಯಲ್ಲೇ ವೈಪರ್ ನಿಲ್ಲಿಸೋಕೆ ಆಗ್ಲಿಲ್ಲ. ಅಪ್ಪಯ್ಯ ಮುಂದಿನ ಸೀಟಲ್ಲಿ ಕೂತವನು ಗಾಜಿನ ಮೇಲೆ ಬೀಳೋ ನೀರನ್ನ ಸುಮಾರು ಹೊತ್ತು ನೋಡಿ, "ಇದೆಂತ ಮಳೆನೇ, ನಮ್ಮನೆ ಬಚ್ಚಲಲ್ಲಿ ಇದಕ್ಕಿಂತ ಜಾಸ್ತಿ ನೀರು ಬೀಳ್ತು" ಅಂದ. ಇವರಿಗೆ ಸ್ವಲ್ಪ ಬೇಜಾರಾಯ್ತು ಕಾಣ್ತದೆ, ಬ್ರಿಟನ್ನಿನ ದೊಡ್ಡ ಊರುಗಳ ಪೈಕಿ ಕಾರ್ಡಿಫ್‌ನಲ್ಲಿ ಮಳೆ ಜಾಸ್ತಿ ಅಂತ ಇವರು ಎಲ್ಲರ ಹತ್ರ ಹೇಳ್ಕೊಂಡು ತಿರುಗೋದು, ವರ್ಷಕ್ಕೆ 1,200 ಮಿಲಿಮೀಟರ್ ಹತ್ತಿರ ಮಾವಯ್ಯ ಅಂದ್ರು. ಅಪ್ಪಯ್ಯ, ಕಾರವಾರದಲ್ಲಿ ಜುಲೈ ಒಂದೇ ತಿಂಗಳಲ್ಲಿ ಸಾವಿರದ ಹತ್ತಿರ ಹೋಗ್ತು ಅಂತ ಹೇಳಿ ಕಣ್ಣು ಮುಚ್ಚಿ ನಿದ್ದೆ ಮಾಡಿದ. ಮಾತು ಅಲ್ಲಿಗೆ ಮುಗೀತು.

ಆದ್ರೆ ಇಲ್ಲಿನ ಮಳೆ ಬೇರೆ ಥರ ಕಾಡ್ತದೆ ಅಣ್ಣ. ನಮ್ಮಲ್ಲಿ ಜೂನ್ ಬಂತು ಅಂದ್ರೆ ಎಲ್ಲರಿಗೂ ಗೊತ್ತು, ಕಟ್ಟಿಗೆ ಒಳಗೆ ಹಾಕಿ ಆಗಿರ್ತದೆ, ಹಪ್ಪಳ ಸಂಡಿಗೆ ಡಬ್ಬಿ ಸೇರಿರ್ತದೆ. ಇಲ್ಲಿ ಅಟ್ಲಾಂಟಿಕ್ ಕಡೆಯಿಂದ ಯಾವ ತಿಂಗಳು ಬೇಕಾದ್ರೂ ಮೋಡ ಬರ್ತದೆ, ಮಳೆಗಾಲ ಅಂತಲೇ ಇಲ್ಲ. ಆಯಿ ಪಂಚಾಂಗ ನೋಡಿ ಇದು ಪುಷ್ಯ ಮಳೆ ಅಂದ್ಳು, ಅಪ್ಪಯ್ಯ ಒಪ್ಪಲಿಲ್ಲ, ಈ ಊರಿನ ಮಳೆಗೆ ನಕ್ಷತ್ರ ಲಾಗೂ ಆಗ್ತಿಲ್ಲೆ ಅಂತ ವಾದ.

ಒದ್ದೆ ಬಟ್ಟೆಯದ್ದು ದೊಡ್ಡ ರಾಮಾಯಣ. ಆರು ಜನರ ಬಟ್ಟೆ, ಅಷ್ಟು ಸಣ್ಣ ಜಾಗ, ಆಯಿ ಹೀಟರ್ ಎದುರಿಗೆ ಕುರ್ಚಿ ಇಟ್ಟು ಒಂದೊಂದೇ ಚಡ್ಡಿ ತಿರುವಿ ತಿರುವಿ ಒಣಗಿಸ್ತಾ, ಒಂದು ಬಚ್ಚಲೊಲೆ ಇದ್ದಿದ್ರೆ ಅಂತ ಎಷ್ಟು ಸಲ ಹೇಳಿದ್ಳೋ. ಮೊದಲ ದಿನ ಸಾಯಂಕಾಲ ಮಕ್ಕಳಿಗೆ ಬೋರ್ ಆಯ್ತು ಅಂತ ಅತ್ತಿಗೆ ಕಳಿಸಿದ್ದ ಹಲಸಿನ ಹಪ್ಪಳ ಕರಿಯೋಕೆ ಎಣ್ಣೆ ಇಟ್ಳು. ನಾನು ಕಿಟಕಿ ತೆಗಿ ಅಂದೆ, ಮಳೆ ನೀರು ಒಳಗೆ ಹಾರ್ತು ಅಂತ ತೆಗಿಲಿಲ್ಲ. ನಾಲ್ಕನೇ ಹಪ್ಪಳ ಎಣ್ಣೆಗೆ ಬಿಟ್ಟಿದ್ದಷ್ಟೇ, ತಲೆ ಮೇಲಿನ ಹೊಗೆ ಅಲಾರಾಂ ಶುರುವಾಯ್ತು ನೋಡು, ಕಿವಿ ತೂತಾಗೋ ಹಂಗೆ. ನನ್ನ ಮಗ ತಮ್ಮ ಕಿರುಚ್ತಾ ಇದಾನೆ, ಇವರು ಸ್ಟೂಲ್ ಹತ್ತಿ ಟವೆಲ್ ಬೀಸ್ತಾ ಇದಾರೆ, ಅಪ್ಪಯ್ಯ ಮಾತ್ರ ಕೂತಲ್ಲೇ ಕೂತು ಕರಿದಿದ್ದು ತಣ್ಣಗಾಗ್ತು ಅಂತ ತಿಂತಾ ಇದ್ದ. ಪಕ್ಕದ ಕ್ಯಾರವಾನಿನ ಅಜ್ಜಿ ನೈಟಿ ಮೇಲೆ ರೇನ್‌ಕೋಟ್ ಹಾಕ್ಕೊಂಡು ಕೊಡೆ ಹಿಡಿದು ಓಡಿ ಬಂದ್ಳು ಪಾಪ, ಬೆಂಕಿ ಬಿತ್ತು ಅಂತ ತಿಳಿದು. ಆಯಿ ಅವಳ ಕೈಗೊಂದು ಹಪ್ಪಳ ಕೊಟ್ಳು. ನಿಂತಲ್ಲೇ ತಿಂದ್ಳು, ಗಂಡನಿಗೂ ಒಂದು ಇಸ್ಕೊಂಡು ಹೋದ್ಳು.

ಆ ಗಂಡನ ವಿಷಯ ಹೇಳಲೇಬೇಕು. ಎಂಬತ್ತರ ಹತ್ತಿರದ ಮುದುಕ, ಮರುದಿನ ಬೆಳಿಗ್ಗೆ ಖಾಲಿ ತಟ್ಟೆ ವಾಪಸ್ ಕೊಡೋಕೆ ಬಂದ, ತಟ್ಟೆ ಖಾಲಿ ಕೊಡಬಾರದು ಅಂತ ಅವರಿಗೂ ಇದೆ ಕಾಣ್ತದೆ, ಒಣದ್ರಾಕ್ಷಿ ಹಾಕಿ ಮಾಡಿದ ಬಿಸ್ಕೆಟ್ ಥರದ್ದು ಇಟ್ಟುಕೊಂಡು ಬಂದಿದ್ದ. ಮೊಟ್ಟೆ ಹಾಕಿದ್ದಾ ಕೇಳು ಅಂತ ಆಯಿ. ಹಾಕಿದ್ದು, ಹಂಗಾಗಿ ಮಕ್ಕಳು ತಿಂದು ಮುಗಿಸಿದ್ರು. ಅವನು ಅಪ್ಪಯ್ಯನ ಹತ್ರ ಏನು ಕೆಲಸ ಮಾಡ್ತೀರಿ ಅಂತ ಕೇಳಿದ, ನಾನು ಅಡಿಕೆ ತೋಟ ಅಂತ ಹೇಳಿ ಫೋನಲ್ಲಿ ನಮ್ಮ ತೋಟದ ಫೋಟೋ ತೋರಿಸ್ದೆ. ಅಷ್ಟು ಎತ್ತರದ ಮರಕ್ಕೆ ಯಾಕೆ ಹತ್ತಿದಾರೆ ಅಂತ ಕೇಳಿದ, ಅದು ಮರ ಹತ್ತೋ ಕೊನೆಗೌಡ ಔಷಧಿ ಹೊಡೆಯೋ ಫೋಟೋ. ಅಲ್ಲಿಂದ ಅಪ್ಪಯ್ಯನಿಗೆ ಜೀವ ಬಂತು. ಮೈಲುತುತ್ತ ಒಂದು ಕೆಜಿ, ಸುಣ್ಣ ಒಂದು ಕೆಜಿ, ನೀರು ನೂರು ಲೀಟರ್, ಬೇರೆ ಬೇರೆ ಪಾತ್ರೆಯಲ್ಲಿ ಕರಗಿಸಿ ಆಮೇಲೆ ಕೂಡಿಸಬೇಕು, ಇದನ್ನೆಲ್ಲ ಅವನಿಗೆ ಹೇಳು ಅಂತ ನನಗೆ ಹೇಳ್ತಾ ಇದಾನೆ. ನಾನು ಇದಕ್ಕೆ ಬೋರ್ಡೋ ದ್ರಾವಣ ಅಂತಾರೆ ಅಂದಿದ್ದೇ ತಡ, ಆ ಮುದುಕ ಎದ್ದು ನಿಂತ! ಅವನ ಅಪ್ಪ ಆಲೂಗಡ್ಡೆಗೆ ಅದನ್ನೇ ಹೊಡೀತಿದ್ನಂತೆ, ಮಳೆ ಹಿಡಿದ ಬೇಸಿಗೆಯಲ್ಲಿ ಗಿಡ ಎಲ್ಲಾ ಕಪ್ಪಾಗಿ ಕೊಳೀತಿತ್ತಂತೆ, ಸಣ್ಣವನಿದ್ದಾಗ ಕೈಯೆಲ್ಲ ನೀಲಿ ಮಾಡ್ಕೊಂಡು ಬೈಸಿಕೊಂಡಿದ್ದು ಇನ್ನೂ ನೆನಪಿದೆ ಅಂದ. ನಾನು ಮೊಬೈಲಲ್ಲಿ ಹುಡುಕಿ ನೋಡ್ದೆ, ನಿಜವೇ, ನಮ್ಮ ಅಡಿಕೆ ಕೊಳೆರೋಗ ಮತ್ತು ಇವರ ಆಲೂಗಡ್ಡೆ ಕೊಳೆ ಎರಡೂ ಫೈಟಾಫ್ತೊರಾ ಅನ್ನೋ ಒಂದೇ ಕುಲದ ರೋಗಾಣುವಿಂದ ಬರೋದು, 1845ರ ನಂತರ ಐರ್ಲೆಂಡಿನಲ್ಲಿ ಬರಗಾಲ ಬಂತಲ್ಲ ಅದಕ್ಕೂ ಇದೇ ಕಾರಣ. ಔಷಧಿ ಬಂದಿದ್ದು ಫ್ರಾನ್ಸಿನ ದ್ರಾಕ್ಷಿ ತೋಟದಿಂದ. ಆಮೇಲೆ ನನ್ನ ಅನುವಾದ ಬೇಕಾಗಲೇ ಇಲ್ಲ. ಅಪ್ಪಯ್ಯ ಶಿರಸಿ ಭಾಷೆಯಲ್ಲಿ, ಅವನು ವೇಲ್ಸ್ ಇಂಗ್ಲಿಷಲ್ಲಿ, ಕೈ ಸನ್ನೆಯಲ್ಲಿ ಎಲೆ ತಿರುವಿ ಅಡಿಗೆ ಹೊಡೆಯೋದು ಹೇಗೆ ಅಂತ ಒಂದು ತಾಸು ಮಾತಾಡಿದ್ರು. ಇಡೀ ಪ್ರವಾಸದಲ್ಲಿ ಅವನು ಅಷ್ಟು ಖುಷಿಯಾಗಿದ್ದು ನಾನು ನೋಡಿದ್ದು ಅದೊಂದೇ ಸಲ.

ಬೀಚಿಗೆ ಹೋಗ್ಲೇ ಇಲ್ಲ ಅಂತಲ್ಲ. ಮಕ್ಕಳು ಬಕೆಟ್ ಹಿಡಿದು ಬಾಗಿಲಲ್ಲಿ ನಿಂತ್ರೆ ಎಷ್ಟೂಂತ ತಡೆಯೋದು. ಇಲ್ಲಿನ ಜನ ಮಳೆಯಲ್ಲೇ ಮರಳಿಗೆ ಗೂಟ ಹೊಡೆದು ಗಾಳಿ ತಡೆಯೋ ಬಟ್ಟೆ ಕಟ್ಟಿ, ಅದರ ಹಿಂದೆ ಕೂತು ಐಸ್‌ಕ್ರೀಮ್ ತಿಂತಾರೆ. ಆಯಿಗೆ ಅದಕ್ಕಿಂತ ಆ ಮಕ್ಕಳು ನೀರಿಗೆ ಇಳಿದಿದ್ದೇ ತಲೆಬಿಸಿ. ಮಳೆಗಾಲದ ಸಮುದ್ರ ಅಂದ್ರೆ ಅವಳ ಕಣ್ಣಲ್ಲಿ ನಮ್ಮ ಕಡೆಯ ಸಮುದ್ರವೇ, ಕಾಳಿ ಗಂಗಾವಳಿ ಅಘನಾಶಿನಿ ಎಲ್ಲ ಕೆಂಪು ನೀರು ತಂದು ಸುರೀತಾ ಇರ್ತದೆ, ಜೂನ್ ಜುಲೈ ಎರಡು ತಿಂಗಳು ಯಾಂತ್ರಿಕ ದೋಣಿಗೇ ಬಂದಿ, ಮೀನುಗಾರರೇ ಇಳಿಯದ ನೀರಿಗೆ ಮಕ್ಕಳನ್ನ ಬಿಡ್ತಾರಾ ಅಂತ. ಲೈಫ್‌ಗಾರ್ಡ್ ಇದ್ದಾರೆ ಆಯಿ, ಕೆಂಪು-ಹಳದಿ ಬಾವುಟದ ಮಧ್ಯೆ ಈಜಬಹುದು ಅಂತ ಎಷ್ಟು ಹೇಳಿದ್ರೂ ಕೇಳದೇ, ಯಾರದ್ದೋ ಬಿಳಿ ಮಗುವಿಗೆ "ಏ ತಂಗೀ, ಮೇಲೆ ಬಾರೇ" ಅಂತ ಕೂಗಿದ್ಳು. ಅದು ಇವಳಿಗೆ ಕೈ ಬೀಸ್ತು.

ಅಪ್ಪಯ್ಯ ನಾನು ಕೊಡಿಸಿದ ರೇನ್‌ಕೋಟ್ ಹಾಕ್ಲೇ ಇಲ್ಲ. ಪಿಕ್ನಿಕ್‌ಗೆ ಹಾಸೋ ಚಾದರ ಒಂದಿತ್ತು, ಒಂದು ಮೈ ಉಣ್ಣೆ ಥರ, ಇನ್ನೊಂದು ಮೈ ಪ್ಲಾಸ್ಟಿಕ್. ಅದನ್ನ ಎರಡು ಮಡಿಕೆ ಮಾಡಿ, ಮೂಲೆ ಒಳಗೆ ತಿರುವಿ ಚೂಪು ಮಾಡಿ, ಪ್ಲಾಸ್ಟಿಕ್ ಹೊರಗೆ ಬರೋ ಹಾಗೆ ತಲೆ ಮೇಲೆ ಇಟ್ಟುಕೊಂಡ ನೋಡು, ಥೇಟ್ ಕಂಬಳಿ ಕೊಪ್ಪೆ. ಬೆನ್ನು ಮಂಡಿ ತನಕ ಮುಚ್ಚಿ, ಎರಡೂ ಕೈ ಖಾಲಿ. ಗಾಳಿಗೆ ಎಲ್ಲರ ಕೊಡೆ ತಿರುವಿ ಮುರಿದು ಕಸದ ಬುಟ್ಟಿ ಸೇರ್ತಾ ಇದ್ರೆ ಇವನೊಬ್ಬ ಆರಾಮಾಗಿ ನಡೀತಾ ಹೋದ. ಪುಟ್ಟಿಗೂ ಒಂದು ಟವೆಲಿನಲ್ಲಿ ಮಾಡಿ ಕೊಟ್ಟ, ಅದು ಐದು ನಿಮಿಷಕ್ಕೆ ನೆನೆದು ತೊಪ್ಪೆ, ಆದ್ರೂ ಬಿಚ್ಚಲಿಲ್ಲ ಅವಳು.

ಇನ್ನೊಂದು ಮಜಾ ಅಂದ್ರೆ ಇಳಿತ. ಬೆಳಿಗ್ಗೆ ಬಂದರದಲ್ಲಿ ದೋಣಿಗಳು ತೇಲ್ತಾ ಇದ್ವು, ಊಟ ಮಾಡಿ ಬಂದು ನೋಡಿದ್ರೆ ಎಲ್ಲಾ ಮರಳ ಮೇಲೆ ಒರಗಿ ಬಿದ್ದಿವೆ, ನೀರೇ ಇಲ್ಲ. "ಸಮುದ್ರ ಎಲ್ಲಿಗೆ ಹೋತೇ" ಅಂತ ಅಪ್ಪಯ್ಯ. ಕಾರವಾರದಲ್ಲಿ ಭರತ ಇಳಿತ ಅಂದ್ರೆ ಎರಡು ಮೀಟರ್ ಅಷ್ಟೇ, ಇಲ್ಲಿ ಹುಣ್ಣಿಮೆ ಅಮಾವಾಸ್ಯೆ ಸುತ್ತ ಏಳೆಂಟು ಮೀಟರ್ ತನಕ ಹೋಗ್ತದಂತೆ, ಕೊಲ್ಲಿ ಒಳಗೆ ಹೋದ ಹಾಗೆ ಕಿರಿದಾಗ್ತದೆ, ಅದಕ್ಕೆ ನೀರು ಒತ್ತಿ ಏರ್ತದೆ. ಬೀಚಿನ ಎದುರಿಗೆ ಒಂದು ನಡುಗಡ್ಡೆ, ಮೇಲೆ ನೂರೈವತ್ತು ವರ್ಷದ ಕೋಟೆ, ಬೆಳಿಗ್ಗೆ ಸುತ್ತಲೂ ನೀರಿದ್ದದ್ದು ಮಧ್ಯಾಹ್ನ ಅದರ ಬುಡದ ತನಕ ನಡ್ಕೊಂಡೇ ಹೋದ್ವಿ. ಕಾರವಾರದ ಕೂರ್ಮಗಡ ದ್ವೀಪಕ್ಕೆ ಹಿಂಗೇ ನಡ್ಕೊಂಡು ಹೋಗೋ ಹಾಗಿದ್ರೆ ನರಸಿಂಹ ದೇವ್ರ ಜಾತ್ರೆಗೆ ದೋಣಿಯವರ ಕಾಟ ಇರ್ತಿರ್ಲಿಲ್ಲ ಅಂದ ಅಪ್ಪಯ್ಯ. ಕಾಲ್ಡಿ ಅಂತ ಇನ್ನೊಂದು ದ್ವೀಪ, ಅಲ್ಲಿ ಕ್ರೈಸ್ತ ಸನ್ಯಾಸಿಗಳ ಮಠ ಇದೆ, ಅವರೇ ಚಾಕಲೇಟ್ ಮಾಡಿ ಮಾರ್ತಾರೆ, ಆಯಿಗೆ ಆ ಮಠ ನೋಡೋ ಆಸೆ ಬಹಳ ಇತ್ತು. ಗಾಳಿ ಜಾಸ್ತಿ ಅಂತ ದೋಣಿ ಬಿಡ್ಲೇ ಇಲ್ಲ. ಅವಳಿಗಿದ್ದ ಒಂದೇ ಆಸೆ, ಅದೂ ಆಗ್ಲಿಲ್ಲ, ಅದಕ್ಕೆ ಮಾತ್ರ ನಂಗೆ ನಿಜವಾಗಿ ಬೇಜಾರಿದೆ.

ಈಗ ಮುಖ್ಯ ವಿಷಯ. ಅಪ್ಪಯ್ಯ ಅಲ್ಲಿ ತಮ್ಮನ ಮರಳಿನ ಬಕೆಟ್ ಕ್ಯಾರವಾನ್ ಹೊರಗೆ ಇಟ್ಟು, ದಿನಾ ಬೆಳಿಗ್ಗೆ ಪುಟ್ಟಿಯ ಸ್ಕೇಲ್ ಅದ್ದಿ ಮಳೆ ಅಳೀತಿದ್ದ. ಬಕೆಟ್ ಬಾಯಿ ಅಗಲ ಬುಡ ಸಣ್ಣ, ಲೆಕ್ಕ ತಪ್ಪು ಬರ್ತದೆ ಮಾವಯ್ಯ ಅಂತ ಇವರು ಹೇಳಿದ್ದಕ್ಕೆ, ಗೊತ್ತಿದ್ದು, ಹೊತ್ತು ಹೋಗವಲಾ ಅಂದ. ಎಲ್ಲಾ ದಿನದ್ದು ಕೂಡಿಸಿದ್ರೂ ಎರಡು ಇಂಚು ಆಗ್ಲಿಲ್ಲ. ಅವನ ಮನಸ್ಸು ಇರೋದು ಇಲ್ಲಲ್ಲ ಅಣ್ಣ. ಮೊದಲ ಔಷಧಿ ಹೊಡೆಸಿ ವಿಮಾನ ಹತ್ತಿದವನು, ನಲವತ್ತು ನಲವತ್ತೈದು ದಿನಕ್ಕೆ ಎರಡನೇದು ಆಗ್ಬೇಕು ಅಂತ ಬೆರಳು ಎಣಿಸ್ತಾ ಕೂರ್ತಾನೆ, ಮಳೆ ಬಿಟ್ಟು ಒಂದು ಹೊಳವು ಸಿಕ್ಕಿದ್ರೆ ಸಾಕಿತ್ತು ಅಂತಾನೆ, ಯಾವ ಊರಿನ ಹೊಳವು ಅಂತ ಕೇಳೋದೇ ಬೇಡ. ನೀನು ಫೋನಲ್ಲಿ ಎಲ್ಲಾ ಸರಿ ಇದೆ ಎಲ್ಲಾ ಸರಿ ಇದೆ ಅಂತಿದ್ದೀಯ ಅಲ್ವಾ, ಅವನು ಅದನ್ನ ನಂಬೋದಿಲ್ಲ. ಫೋನ್ ಇಟ್ಟ ಮೇಲೆ, ಕೊಳೆ ಬಂಜು ಕಾಣ್ತು, ಹೇಳ್ತಾ ಇಲ್ಲೆ ಅಂವ ಅಂತ ಆಯಿ ಹತ್ರ ಹೇಳ್ತಾನೆ. ಬಂದಿದ್ರೆ ಬಂದಿದೆ ಅಂತಲೇ ಹೇಳು ಮಾರಾಯ. ಉದುರಿದ ಕಾಯಿದ್ದೇ ಫೋಟೋ ಕಳಿಸು, ಎಷ್ಟು ಮರ ಹತ್ತಿಸಿದ್ದೀಯ, ಕೊನೆಗೌಡ ಬಂದ್ನಾ ಕೈ ಕೊಟ್ನಾ, ಕೆಳಗಿನ ತೋಟದಲ್ಲಿ ಗೊನೆಗೆ ಪ್ಲಾಸ್ಟಿಕ್ ಕೊಟ್ಟೆ ಕಟ್ಟಿಸಿದ್ಯಾ, ಎಲ್ಲಾ ಬರಿ. ಕೆಟ್ಟ ಸುದ್ದಿ ಆದ್ರೂ ಅವನಿಗೆ ಯೋಚನೆ ಮಾಡೋಕೆ ಒಂದು ಕೆಲಸ ಸಿಗ್ತದೆ. ಮತ್ತೆ ಮಳೆ ಅಳೆದು ಬರೆಯೋ ಪುಸ್ತಕ ಜಗಲಿ ಕಪಾಟಲ್ಲಿದೆ, ಅವನು ಹೊರಟ ದಿನದಿಂದ ಅದನ್ನ ಯಾರೂ ಮುಟ್ಟಿಲ್ಲ ಅಂತ ನಂಗೆ ಗ್ಯಾರಂಟಿ. ಮಕ್ಕಳ ಹತ್ರ ಆದ್ರೂ ಬರೆಸು, ಅವನು ಬಂದವನು ಚಪ್ಪಲಿ ಬಿಡೋ ಮೊದಲು ಅದನ್ನೇ ಕೇಳೋದು.

ಅವರ ಟಿಕೆಟ್ ಸೆಪ್ಟೆಂಬರ್‌ಗೇ ಇದೆ, ಬೇಗ ಕಳಿಸು ಅಂತ ಹಟ ಮಾಡಿದ್ದ, ಬದಲಾಯಿಸೋಕೆ ಟಿಕೆಟ್‌ನಷ್ಟೇ ದುಡ್ಡು ಕೇಳ್ತಾರೆ ಅಂದ ಮೇಲೆ ಸುಮ್ಮನಾದ. ಬೆಂಗಳೂರಿಗೆ ಇಳಿದು ರಾತ್ರಿ ಬಸ್ಸಿಗೆ ಬರ್ತಾರೆ, ಕೆಳಗಿನ ಸ್ಲೀಪರ್ ಎರಡು ನೀನೇ ಬುಕ್ ಮಾಡಿಬಿಡು, ಮೇಲೆ ಹತ್ತೋಕೆ ಆಯಿಗೆ ಮಂಡಿ ಆಗೋದಿಲ್ಲ. ಅತ್ತಿಗೆ, ಹಪ್ಪಳ ಟೆನ್‌ಬಿಯಲ್ಲೇ ಖಾಲಿ, ಅಪ್ಪೆಮಿಡಿ ಇನ್ನೂ ಅರ್ಧ ಡಬ್ಬಿ ಇದೆ. ಆ ಅಜ್ಜಿ ಹಪ್ಪಳ ಮಾಡೋದು ಹೇಗೆ ಅಂತ ಕೇಳಿ, ವಿಳಾಸ ಬರೆದು ಕೊಟ್ಟು ಹೋಗಿದ್ದಾಳೆ, ಹಲಸಿನಕಾಯಿ ಎಲ್ಲಿ ಸಿಗ್ತದೆ ಇವಳಿಗೆ, ಆದ್ರೂ ನೀನು ಉಪ್ಪು ಖಾರದ ಅಳತೆ ಎಲ್ಲಾ ಸೇರಿಸಿ ಒಂದು ವಾಯ್ಸ್ ಮೆಸೇಜ್ ಹಾಕು, ನಾನು ಬರೆದು ಕಳಿಸ್ತೇನೆ.

ನಿಮ್ಮ
ತಂಗಿ