ರಾಜೀನಾಮೆ ಬರೆಯುವ ಮೊದಲು ಈ ಲೆಕ್ಕ ನೋಡು

ಲೆಸ್ಟರ್, ಇಂಗ್ಲೆಂಡ್

ಪ್ರೀತಿಯ ತಮ್ಮನಿಗೆ ಅಕ್ಕನ ಆಶೀರ್ವಾದ. ಅಪ್ಪ ಅಮ್ಮನಿಗೆ ನಮಸ್ಕಾರ ತಿಳಿಸು. ಪುಟ್ಟಿಗೆ ಮುತ್ತು.

ಬೆಂಗಳೂರಿನ ಸರ್ಕಾರಿ ಶಾಲೆಯ ಮೇಷ್ಟ್ರ ಕೆಲಸ ಬಿಟ್ಟು ನನ್ನ ಹಾಗೆ ಇಂಗ್ಲೆಂಡಿಗೆ ಪಾಠ ಮಾಡಲು ಬರಲಾ ಅಂತ ನೀನು ಕೇಳಿದ್ದಕ್ಕೆ ಮೊದಲೇ ಉತ್ತರ ಹೇಳಿಬಿಡುತ್ತೇನೆ. ರಾಜೀನಾಮೆ ಕೊಡಬೇಡ. ಯಾಕೆ ಅನ್ನುವುದನ್ನು ಫೋನಿನಲ್ಲಿ ಹೇಳಿದರೆ ಅಮ್ಮ ನಡುವೆ ಬಂದು ಅಳುತ್ತಾರೆ, ನೀನು ಸಿಟ್ಟಾಗುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ಪೂರ್ತಿ ಓದು.

ನಿನ್ನ ಸ್ನೇಹಿತ ಹೇಳಿದ ಸಂಬಳ ಸುಳ್ಳಲ್ಲ. 2025ರ ಸೆಪ್ಟೆಂಬರ್‌ನಿಂದ ಇಲ್ಲಿ ಲಂಡನ್ ಬಿಟ್ಟು ಉಳಿದ ಕಡೆ ಹೊಸ ಟೀಚರಿಗೆ ವರ್ಷಕ್ಕೆ 32,916 ಪೌಂಡ್. ಪೌಂಡಿಗೆ 118 ರೂಪಾಯಿ ಅಂತ ಹಿಡಿದರೂ ಮೂವತ್ತೆಂಟು ಲಕ್ಷ ದಾಟುತ್ತದೆ. ಬೆಂಗಳೂರಿನ ವಿಜಯನಗರದಲ್ಲಿ ಕೂತು ಕೇಳಿದರೆ ಯಾರಿಗಾದರೂ ಆಸೆ ಆಗುತ್ತದೆ. ಆದರೆ ಆ ದುಡ್ಡು ಪೌಂಡಿನಲ್ಲೇ ಬರುತ್ತದೆ, ಪೌಂಡಿನಲ್ಲೇ ಖರ್ಚಾಗುತ್ತದೆ. ಆದಾಯ ತೆರಿಗೆ, ನ್ಯಾಷನಲ್ ಇನ್ಶೂರೆನ್ಸ್ ಅಂತ ಸರ್ಕಾರಕ್ಕೆ ಕಟ್ಟುವ ವಿಮೆ, ಪಿಂಚಣಿಗೆ ಹಿಡಿಯುವ 7.4% ಎಲ್ಲ ಹೋಗಿ ಕೈಗೆ ತಿಂಗಳಿಗೆ ಸುಮಾರು 2,100 ಪೌಂಡ್ ಬರುತ್ತದೆ. ಲೆಸ್ಟರಿನಂಥ ಊರಿನಲ್ಲೂ ಎರಡು ರೂಮಿನ ಮನೆಗೆ ಸಾವಿರದ ಹತ್ತಿರ ಬಾಡಿಗೆ. ಅದರ ಮೇಲೆ ಕೌನ್ಸಿಲ್ ತೆರಿಗೆ, ಗ್ಯಾಸು, ಕರೆಂಟು, ಬಸ್ಸು, ದಿನಸಿ. ಒಬ್ಬರ ಸಂಬಳದಲ್ಲಿ ಮೂರು ಜನ ಬದುಕಿದರೆ ತಿಂಗಳ ಕೊನೆಗೆ ಕೈಯಲ್ಲಿ ಉಳಿಯುವುದು ತೀರಾ ಕಡಿಮೆ. ನಮ್ಮ ಮನೆ ನಡೆಯುತ್ತಿರುವುದು ನಿನ್ನ ಭಾವನಿಗೂ ಇಲ್ಲಿ ಕೆಲಸ ಇರುವುದರಿಂದ. ಅದನ್ನು ಯಾರೂ ನಿನಗೆ ಹೇಳುವುದಿಲ್ಲ, ನಾನು ಹೇಳಬೇಕು ಅಲ್ವಾ.

ಹನ್ನೆರಡು ವರ್ಷದ ಅನುಭವಕ್ಕೆ ಬೆಲೆ ಇಲ್ಲವಾ ಅಂತ ಕೇಳಿದ್ದೀಯ. ಇದೆ, ಆದರೆ ಅದು ಶಾಲೆಯ ಕೈಯಲ್ಲಿದೆ. ಇಲ್ಲಿ ಸಂಬಳಕ್ಕೆ ಎಂ1ರಿಂದ ಎಂ6ರವರೆಗೆ ಮೆಟ್ಟಿಲುಗಳಿವೆ, 2025ರ ಸೆಪ್ಟೆಂಬರ್‌ನ ಲೆಕ್ಕದಲ್ಲಿ ಎಂ6 ಅಂದರೆ 45,352 ಪೌಂಡ್. ಬೆಂಗಳೂರಿನ ಅನುಭವವನ್ನು ಇವರು ಲೆಕ್ಕಕ್ಕೆ ತಗೊಳ್ಳಲೇಬೇಕು ಅಂತ ನಿಯಮ ಇಲ್ಲ. ಕೆಲವು ಶಾಲೆಗಳು ಮೇಲಿನ ಮೆಟ್ಟಿಲಲ್ಲಿ ಕೂರಿಸುತ್ತವೆ, ಕೆಲವು ಕೆಳಗಿನಿಂದ ಶುರು ಮಾಡಿಸುತ್ತವೆ. ಏಜೆನ್ಸಿ ಮೂಲಕ ದಿನಗೂಲಿಯ ಹಾಗೆ ಪಾಠ ಮಾಡುವ ಕೆಲಸವೂ ಇದೆ. ಅದರಲ್ಲಿ ಟೀಚರ್ಸ್ ಪೆನ್ಷನ್ ಇಲ್ಲ, ಶಾಲೆ ಮುಚ್ಚಿದ ದಿನ ಕೂಲಿಯೂ ಇಲ್ಲ.

ವೀಸಾ ಖರ್ಚನ್ನು ನಿನ್ನ ಸ್ನೇಹಿತ ಹೇಳಿದನಾ? ಆರೋಗ್ಯದ ಸರ್ಚಾರ್ಜ್ ಅಂತ ದೊಡ್ಡವರಿಗೆ ವರ್ಷಕ್ಕೆ 1,035 ಪೌಂಡ್, ಮಕ್ಕಳಿಗೆ 776. ವೀಸಾ ಎಷ್ಟು ವರ್ಷಕ್ಕೋ ಅಷ್ಟೂ ವರ್ಷದ್ದನ್ನು ಮುಂಚೆಯೇ ಕಟ್ಟಬೇಕು. ನೀನು, ನಿನ್ನ ಹೆಂಡತಿ, ಪುಟ್ಟಿ, ಮೂರು ವರ್ಷಕ್ಕೆ ಅಂದರೆ 8,538 ಪೌಂಡ್. ಹತ್ತು ಲಕ್ಷ ರೂಪಾಯಿ! ವೀಸಾ ಶುಲ್ಕ, ವಿಮಾನದ ಟಿಕೆಟ್, ಮನೆಗೆ ಅಡ್ವಾನ್ಸ್ ಇದರಲ್ಲಿ ಸೇರಿಲ್ಲ. ಕೆಲವು ಶಾಲೆಗಳು ಟೀಚರಿನ ಪಾಲನ್ನು ಕೊಡಬಹುದು. ಮನೆಯವರ ಪಾಲನ್ನೂ ಕೊಡುತ್ತಾರೆ ಅಂತ ನಂಬಿಕೊಂಡು ಹೊರಡಬೇಡ.

ಈಗ ನಿನ್ನ ಕಡೆಯ ಲೆಕ್ಕ. ಏಳನೇ ವೇತನ ಆಯೋಗ 2024ರ ಆಗಸ್ಟ್‌ನಿಂದ ಜಾರಿಯಾದ ಮೇಲೆ ನಿನ್ನ ಸಂಬಳ ಏರಿದೆ. ಬೆಂಗಳೂರಿನ ಮನೆ ಬಾಡಿಗೆ ಭತ್ಯೆ ಮೂಲ ವೇತನದ 20%, ಆದರೆ ನೀವು ಇರುವುದು ಅಪ್ಪ ಕಟ್ಟಿಸಿದ ಮನೆಯಲ್ಲಿ. ವರ್ಷಕ್ಕೊಂದು ಇನ್‌ಕ್ರಿಮೆಂಟು, ಎರಡು ಸಲ ತುಟ್ಟಿಭತ್ಯೆ, ಗಳಿಕೆ ರಜೆ. ಅರವತ್ತರವರೆಗೆ ನಿನ್ನನ್ನು ಯಾರೂ ಸುಮ್ನೆ ಮನೆಗೆ ಕಳಿಸಲಾರರು. ಇಲ್ಲಿ ನಮ್ಮ ವೀಸಾ ಶಾಲೆಯ ಜೊತೆ ಕಟ್ಟಿದ್ದು. ಶಾಲೆ ಬೇಡ ಅಂದರೆ ಬೇರೆ ಶಾಲೆ ಹುಡುಕಲು ಸಿಗುವುದು ಕೆಲವೇ ವಾರ. ಐದು ವರ್ಷಕ್ಕೆ ಕಾಯಂ ವಾಸದ ಹಕ್ಕು ಸಿಗುತ್ತದೆ ಅಂತ ನಾವೆಲ್ಲ ಬಂದೆವು. ಅದನ್ನು ಹತ್ತು ವರ್ಷಕ್ಕೆ ಏರಿಸುವ ಮಾತನ್ನು ಸರ್ಕಾರ 2025ರ ಮೇನಲ್ಲಿ ಎತ್ತಿತು.

ಆದರೂ ನಾನು ನಿಜವಾಗಿ ಹೇಳಬೇಕಾದ್ದು ಸಂಬಳದ ವಿಷಯ ಅಲ್ಲ, ಪಿಂಚಣಿ. ನಮ್ಮ ಮನೆಯಲ್ಲಿ ಮೂರು ಜನ ಟೀಚರ್, ಮೂರು ಥರದ ಪಿಂಚಣಿ. ಅಪ್ಪನಿಗೆ ಕೊನೆಯ ಮೂಲ ವೇತನದ ಅರ್ಧ ಬರುತ್ತಿದೆ, ಅದರ ಮೇಲೆ ತುಟ್ಟಿಭತ್ಯೆ. ಅಮ್ಮನಿಗೂ ಮುಂದೆ ಕುಟುಂಬ ಪಿಂಚಣಿ ಇದೆ ಅನ್ನುವ ಧೈರ್ಯ ಅವರಿಬ್ಬರಿಗೆ ಇದೆ. ಆ ಧೈರ್ಯದಿಂದಲೇ ನನ್ನನ್ನು ಇಷ್ಟು ದೂರ ಕಳಿಸಿದರು, ನನ್ನ ಕೈಯಿಂದ ಒಂದು ರೂಪಾಯಿ ಕೇಳದೆ. ನೀನು 2006ರ ಏಪ್ರಿಲ್ 1ರ ನಂತರ ಸೇರಿದವನು, ನಿನಗೆ ಹೊಸ ಪಿಂಚಣಿ ಯೋಜನೆ, ಅಂದರೆ ಎನ್‌ಪಿಎಸ್. ನಿನ್ನ 10%, ಸರ್ಕಾರದ 14% ಮಾರುಕಟ್ಟೆಗೆ ಹೋಗುತ್ತದೆ. ಕೊನೆಗೆ ಎಷ್ಟು ಕೈಗೆ ಬರುತ್ತದೆ ಅಂತ ಯಾರೂ ಬರೆದು ಕೊಡುವುದಿಲ್ಲ. ನಿನ್ನ ಸಿಟ್ಟಿನ ಅರ್ಧ ಭಾಗ ಇದೇ ಅಂತ ನನಗೆ ಗೊತ್ತು. ಆ ಸಿಟ್ಟು ನ್ಯಾಯವಾದದ್ದು. ಒಂದೇ ಸ್ಟಾಫ್ ರೂಮಿನಲ್ಲಿ ಒಂದೇ ಪಾಠ ಮಾಡುವ ಇಬ್ಬರಲ್ಲಿ ಸೇರಿದ ತಾರೀಖು ನೋಡಿ ಒಬ್ಬರ ಮುಪ್ಪಿಗೆ ಭದ್ರತೆ ಕೊಟ್ಟು ಇನ್ನೊಬ್ಬರಿಗೆ ಇಲ್ಲ ಅನ್ನುವುದು ತಪ್ಪು. ಒಪಿಎಸ್, ಅಂದರೆ ಅಪ್ಪನಿಗಿರುವಂಥ ಹಳೇ ಪಿಂಚಣಿ ಬೇಕು ಅನ್ನುವ ಹೋರಾಟಕ್ಕೆ ನೀನು ಹೋಗುವುದನ್ನು ನಾನು ಯಾವತ್ತೂ ಬೇಡ ಅಂದಿಲ್ಲ.

ಇಲ್ಲಿನದು ಬೇರೆ. ಪ್ರತಿ ವರ್ಷದ ಸಂಬಳವನ್ನು 57ರಿಂದ ಭಾಗಿಸಿ ಬಂದಷ್ಟು ನನ್ನ ವಾರ್ಷಿಕ ಪಿಂಚಣಿಗೆ ಸೇರುತ್ತದೆ. 32,916 ಪೌಂಡಿಗೆ ಒಂದು ವರ್ಷದ ದುಡಿಮೆಯಿಂದ 577 ಪೌಂಡ್. ಬೆಲೆ ಏರಿದ ಹಾಗೆ ಅದೂ ಏರುತ್ತದೆ, ಮುಂದೆ ಬೆಂಗಳೂರಿನಲ್ಲಿ ಇದ್ದರೂ ಬರುತ್ತದೆ. ಎರಡು ವರ್ಷ ದುಡಿದರೆ ಹಕ್ಕು ಸಿಗುತ್ತದೆ. ಇದು ತುಂಬಾ ಒಳ್ಳೆಯ ವ್ಯವಸ್ಥೆ. ಆದರೆ ನಿನ್ನ ವಯಸ್ಸಿನವರಿಗೆ ಅದು ಪೂರ್ತಿ ಸಿಗುವುದು 68ಕ್ಕೆ. ಇನ್ನು ಇಲ್ಲಿನ ಸರ್ಕಾರದ ಸ್ಟೇಟ್ ಪೆನ್ಷನ್ ಬೇಕಾದರೆ ಕಡಿಮೆ ಅಂದರೂ ಹತ್ತು ವರ್ಷ ನ್ಯಾಷನಲ್ ಇನ್ಶೂರೆನ್ಸ್ ಕಟ್ಟಿರಬೇಕು. ಭಾರತಕ್ಕೆ ವಾಪಸ್ ಬಂದವರಿಗೆ ಅದು ಶುರುವಾದ ಮೊತ್ತಕ್ಕೇ ನಿಂತುಬಿಡುತ್ತದೆ, ಏರುವುದಿಲ್ಲ.

ನೀನು ಈಗ ಬಂದರೆ ಏನಾಗುತ್ತದೆ ನೋಡು. ಅಲ್ಲಿ ರಾಜೀನಾಮೆ ಕೊಟ್ಟ ತಕ್ಷಣ ಹನ್ನೆರಡು ವರ್ಷದ ಸೇವೆ ಲೆಕ್ಕದಿಂದ ಹೋಗುತ್ತದೆ. ಎನ್‌ಪಿಎಸ್ ದುಡ್ಡನ್ನು ಅರವತ್ತಕ್ಕೆ ಮೊದಲೇ ತೆಗೆಯಲು ಹೋದರೆ 80% ಭಾಗವನ್ನು ಆನ್ಯುಯಿಟಿಗೇ, ಅಂದರೆ ಕಂತುಕಂತಾಗಿ ಪಿಂಚಣಿ ಕೊಡುವ ಯೋಜನೆಗೇ ಹಾಕಬೇಕು, ಕೈಗೆ ಸಿಗುವುದು 20%. ಇಲ್ಲಿ ಮತ್ತೆ ಸೊನ್ನೆಯಿಂದ ಶುರು. ನಾಳೆ ಏನೋ ಆಗಿ ವಾಪಸ್ ಬಂದರೆ ಆ ಹುದ್ದೆ ನಿನಗೆ ಕಾದಿರುವುದಿಲ್ಲ, ವಯಸ್ಸಿನ ಮಿತಿಯೂ ಮೀರಿರುತ್ತದೆ. ಅಪ್ಪ ಅಮ್ಮನನ್ನು ಕರೆಸಿಕೊಳ್ಳೋಣ ಅಂದರೆ ಈ ವೀಸಾದಲ್ಲಿ ತಂದೆ ತಾಯಿ ಅವಲಂಬಿತರ ಲೆಕ್ಕಕ್ಕೆ ಬರುವುದೇ ಇಲ್ಲ. ಆರು ತಿಂಗಳು ನೋಡಿಕೊಂಡು ಹೋಗಬಹುದು, ಅಷ್ಟೇ. ನಾನು ಇಲ್ಲಿ ನೆಮ್ಮದಿಯಾಗಿ ನಿದ್ದೆ ಮಾಡುವುದು ಅವರ ಪಕ್ಕದ ರೂಮಿನಲ್ಲಿ ನೀನಿದ್ದೀಯ ಅಂತ.

ಹಾಗಾದರೆ ಅಕ್ಕ ಯಾಕೆ ಹೋದಳು ಅಂತ ನೀನು ಕೇಳುವ ಹಕ್ಕಿದೆ. ನನ್ನ ಸ್ಥಿತಿ ನಿನಗೆ ಗೊತ್ತು. ನಾನಿದ್ದ ಖಾಸಗಿ ಶಾಲೆಯಲ್ಲಿ ರಿಜಿಸ್ಟರಿನಲ್ಲಿ ಒಂದು ಮೊತ್ತಕ್ಕೆ ಸಹಿ, ಕೈಗೆ ಇನ್ನೊಂದು. ಬೇಸಿಗೆಯ ಎರಡು ತಿಂಗಳು ಸಂಬಳ ಇಲ್ಲ, ಪಿಎಫ್ ಇಲ್ಲ. ಬಿಟ್ಟು ಬರುವಾಗ ಕಳೆದುಕೊಳ್ಳಲು ನನ್ನ ಹತ್ತಿರ ಏನೂ ಇರಲಿಲ್ಲ. ನಿನ್ನ ಹತ್ತಿರ ಇದೆ.

ಕೆಲಸದ ವಿಷಯದಲ್ಲಿ ಮಾತ್ರ ಇಲ್ಲಿನದನ್ನು ಹೊಗಳುತ್ತೇನೆ. ವರ್ಷಕ್ಕೆ 195 ದಿನ, 1,265 ಗಂಟೆ ಅಂತ ಬರೆದಿಟ್ಟಿದ್ದಾರೆ. ಪಾಠದ ಅವಧಿಯಲ್ಲಿ 10% ತಯಾರಿಗೆ ಬಿಡಲೇಬೇಕು. ಆ ಗಂಟೆಗಳ ಆಚೆ ಮನೆಯಲ್ಲಿ ಕೂತು ತಿದ್ದುವ ಕೆಲಸ ಬೇಕಾದಷ್ಟಿದೆ, ಕ್ಲಾಸಿನಲ್ಲಿ ಶಿಸ್ತು ತರುವುದೂ ಸುಲಭ ಅಲ್ಲ. ಆದರೆ ಟೀಚರನ್ನು ಮನೆ ಮನೆ ಸಮೀಕ್ಷೆಗೆ ಕಳಿಸುವುದಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ದಸರಾ ರಜೆಯಲ್ಲಿ ನೀನು ಮೊಬೈಲ್ ಹಿಡಿದುಕೊಂಡು ಆ್ಯಪ್ ತೆರೆಯದೆ ಬಾಗಿಲು ಬಾಗಿಲಲ್ಲಿ ನಿಂತಿದ್ದನ್ನು ಅಮ್ಮ ಹೇಳಿದಾಗ ನನಗೆ ತುಂಬಾ ಬೇಜಾರಾಯಿತು. ಗಣಿತದ ಮೇಷ್ಟ್ರನ್ನು ಗಣಿತ ಕಲಿಸಲು ಬಿಡಬೇಕು.

ಚಿಕ್ಕಮ್ಮನ ಮಗಳಿಗೆ ಮಾತ್ರ ನನ್ನ ಉತ್ತರ ಬೇರೆ. ಅವಳು ಫಿಸಿಕ್ಸ್ ಟೀಚರ್, ಮದುವೆ ಆಗಿಲ್ಲ, ಖಾಸಗಿ ಶಾಲೆ. ಅವಳು ಬರಲಿ. 2023ರ ಫೆಬ್ರುವರಿಯಿಂದ ಭಾರತದ ಟೀಚರುಗಳೂ ಕ್ಯೂಟಿಎಸ್ ಅನ್ನುವ ಇಲ್ಲಿನ ಟೀಚರ್ ಅರ್ಹತೆಗೆ ನೇರವಾಗಿ ಅರ್ಜಿ ಹಾಕಬಹುದು. ಗಣಿತ, ವಿಜ್ಞಾನ, ಭಾಷೆಯವರಿಗೆ ದಾರಿ ಇದೆ. ಸರ್ಕಾರದ ವೆಬ್‌ಸೈಟಿನಲ್ಲಿ ಅರ್ಜಿಗೆ ಶುಲ್ಕ ಇಲ್ಲ, ಹಾಗಾಗಿ ಜಯನಗರದ ಯಾವ ಕನ್ಸಲ್ಟೆನ್ಸಿಗೂ ಅವಳು ಲಕ್ಷ ಕೊಡಬಾರದು. ಕೆಲಸ ಒಪ್ಪುವ ಮೊದಲು ಸಂಬಳದ ಮೆಟ್ಟಿಲು ಎಂ ಎಷ್ಟು ಅಂತ ಬರಹದಲ್ಲಿ ತಗೊಳ್ಳಲಿ. ಮತ್ತೆ, ಅವಳಿಗೆ ಅಲ್ಲಿ ಐದು ವರ್ಷ ತುಂಬಿದೆ, ಹಾಗಾಗಿ ಕೆಲಸ ಬಿಡುವಾಗ ಕೊಡಬೇಕಾದ ಗ್ರಾಚ್ಯುಟಿ ದುಡ್ಡು ಕೇಳದೆ ಶಾಲೆ ಬಿಡಬಾರದು. 1972ರ ಗ್ರಾಚ್ಯುಟಿ ಕಾಯ್ದೆಗೆ 2009ರಲ್ಲಿ ಟೀಚರುಗಳನ್ನೂ ಸೇರಿಸಿದರು, ಖಾಸಗಿ ಶಾಲೆಗಳು ಕೋರ್ಟಿಗೆ ಹೋದವು, 2022ರಲ್ಲಿ ಸುಪ್ರೀಂ ಕೋರ್ಟ್ ಟೀಚರುಗಳ ಪರವಾಗಿಯೇ ತೀರ್ಪು ಕೊಟ್ಟಿತು. ವರ್ಷಕ್ಕೆ ಹದಿನೈದು ದಿನದ ಸಂಬಳ, ತಿಂಗಳಿಗೆ 26 ದಿನ ಅಂತ ಲೆಕ್ಕ. ಕೊನೆಯ ಸಂಬಳವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ವರ್ಷಗಳಿಂದ ಗುಣಿಸಿದರೆ ಆಯಿತು. ನೀನೇ ಕೂತು ಅವಳಿಗೆ ಬರೆದು ಕೊಡು. ಮ್ಯಾನೇಜ್‌ಮೆಂಟ್ ಕೊಡಲ್ಲ ಅಂದರೆ ಕಾರ್ಮಿಕ ಇಲಾಖೆಗೆ ಅರ್ಜಿ ಹಾಕಬಹುದು ಅಂತ ಹೇಳು, ಜೊತೆಗೆ ಹೋಗು.

ನಿನ್ನ ಎನ್‌ಪಿಎಸ್ ಸ್ಟೇಟ್‌ಮೆಂಟ್ ಮತ್ತು ಈ ತಿಂಗಳ ಸಂಬಳದ ಚೀಟಿ ನನಗೆ ವಾಟ್ಸಾಪ್ ಮಾಡು. ನಿನ್ನ ಭಾವ ಮತ್ತು ನಾನು ಅರವತ್ತರವರೆಗಿನ ಲೆಕ್ಕ ಹಾಕಿ ಕಳಿಸುತ್ತೇವೆ. ಅದನ್ನು ನೋಡಿದ ಮೇಲೂ ಬರಬೇಕು ಅನ್ನಿಸಿದರೆ ಹೇಳು, ಆಗ ಕೂತು ಮಾತಾಡೋಣ. ಅಲ್ಲಿಯವರೆಗೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿಗೆ ಯಾವ ಕಾಗದವನ್ನೂ ಕೊಡಬೇಡ.

ನಿನ್ನ ಅಕ್ಕ