ವಾದವೆಂಬ ಪದದ ತೊಡಕು: ಸೋದರಸೊಸೆಗೆ ಒಂದು ಪತ್ರ

ಬಾಳೆಹೊನ್ನೂರು

ಚಿ. ಮಗಳಿಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು. ಇತ್ತ ಎಲ್ಲರೂ ಕ್ಷೇಮ.

ನಿನ್ನ ಪತ್ರ ತಲುಪಿ ನಾಲ್ಕು ದಿನವಾಯಿತು. ಸಕಲೇಶಪುರದ ಕಡೆಯ ನಿನ್ನ ಸರ್ಕಾರಿ ಪ್ರೌಢಶಾಲೆಗೆ ಪೋಷಕರೊಬ್ಬರು ಬಂದು, “ಮೇಡಂ, ವಿಕಾಸವಾದ ಹೇಳಿಕೊಡಿ, ಬೇಡವೆನ್ನುವುದಿಲ್ಲ, ಆದರೆ ದೇವರು ಸೃಷ್ಟಿ ಮಾಡಿದನೆಂಬ ವಾದವನ್ನೂ ಜೊತೆಗೇ ಹೇಳಿ, ಮಕ್ಕಳು ಯಾವುದು ಬೇಕೋ ಆರಿಸಿಕೊಳ್ಳಲಿ” ಎಂದರೆಂದೂ, ನ್ಯಾಯವಾಗಿಯೇ ಕೇಳಿಸುವ ಆ ಮಾತಿಗೆ ಏನು ಹೇಳಬೇಕೆಂದು ತೋಚಲಿಲ್ಲವೆಂದೂ ಬರೆದಿದ್ದೀಯೆ. ಅರ್ಧ ತೊಡಕು ನಾವು ಬಳಸುವ ಪದದಿಂದಲೇ ಬಂದದ್ದು. ವಾದ ಎಂದೊಡನೆ ಜನರಿಗೆ ಕೋರ್ಟು ನೆನಪಾಗುತ್ತದೆ, ವಾದಿ ಇದ್ದ ಮೇಲೆ ಪ್ರತಿವಾದಿಯ ಮಾತನ್ನೂ ಕೇಳಬೇಕಲ್ಲವೇ ಎನಿಸುತ್ತದೆ. ನಮ್ಮ ಹಳೆಯ ನ್ಯಾಯಶಾಸ್ತ್ರದವರು ಈ ವಿಷಯದಲ್ಲಿ ಜಾಣರಾಗಿದ್ದರು: ಪ್ರಮಾಣವನ್ನು ಮುಂದಿಟ್ಟು ನಿಜ ತಿಳಿಯಲು ಆಡುವ ಮಾತಿಗೆ ಮಾತ್ರ ವಾದವೆಂದರು, ಗೆಲ್ಲುವುದಕ್ಕಾಗಿ ಆಡುವುದನ್ನು ಜಲ್ಪವೆಂದು ಬೇರೆ ಇಟ್ಟರು.

ಪ್ರಮಾಣಕ್ಕಾಗಿ ನೀನು ದೂರ ಹೋಗಬೇಕಿಲ್ಲ. ಈಗ ಮಳೆ ಬಿಟ್ಟಿದೆ. ನಮ್ಮ ತೋಟದ ಅರೇಬಿಕಾ ಕಾಫಿ ಗಿಡದ ಎಲೆಯನ್ನು ಮಗುಚಿ ನೋಡಿದರೆ ಅಡಿಯಲ್ಲಿ ಕಿತ್ತಳೆ ಬಣ್ಣದ ಪುಡಿ ಕುಳಿತಿರುತ್ತದೆ, ಬೆರಳಿನಿಂದ ಒರೆಸಿದರೆ ಅರಿಶಿನ ಹತ್ತಿದ ಹಾಗೆ ಹತ್ತುತ್ತದೆ. ಅದೇ ಎಲೆ ತುಕ್ಕು ರೋಗ, ಒಂದು ಶಿಲೀಂಧ್ರದ ಕೆಲಸ. ಕಳೆದ ಶತಮಾನದ ಮೊದಲ ಭಾಗದಲ್ಲಿ ಇದಕ್ಕೆ ಜಗ್ಗದ ಗಿಡವೆಂದು ಕೆಂಟ್ಸ್ ತಳಿಯನ್ನು ನಂಬಿ ನೆಟ್ಟರು, ಕೆಲವು ವರ್ಷಗಳಲ್ಲಿ ಅದಕ್ಕೂ ತುಕ್ಕು ಬಂತು. 1925ರಲ್ಲಿ ಇಲ್ಲಿ, ನಮ್ಮ ಬಾಳೆಹೊನ್ನೂರಿನ ಬಳಿ ಶುರುವಾದ ಕಾಫಿ ಸಂಶೋಧನಾ ಕೇಂದ್ರದವರು 1940ರ ದಶಕದಲ್ಲಿ ಎಸ್ 795 ತಳಿಯನ್ನು ಕೊಟ್ಟರು. ಅದು ಬಹುಕಾಲ ತಡೆದುಕೊಂಡಿತು, ಆಮೇಲೆ ಅದನ್ನೂ ಹಿಡಿಯಬಲ್ಲ ತುಕ್ಕು ಹುಟ್ಟಿತು. ಲಕ್ಷಾಂತರ ಬೀಜಕಣಗಳಲ್ಲಿ ಎಲ್ಲೋ ಒಂದರಲ್ಲಿ ಆದ ಚಿಕ್ಕ ಬದಲಾವಣೆಯಿಂದ ಅದು ಆ ಎಲೆಯೊಳಗೆ ಇಳಿಯಬಲ್ಲದಾದರೆ, ಇಡೀ ತೋಟವೇ ಅದಕ್ಕೆ ಊಟ. ಉಳಿದವು ಸಾಯುತ್ತವೆ, ಅದರ ಸಂತತಿ ಬೆಳೆಯುತ್ತದೆ. ಡಾರ್ವಿನ್ 1859ರಲ್ಲಿ ಹೇಳಿದ ನಿಸರ್ಗದ ಆಯ್ಕೆ ಇದೇ. ತುಕ್ಕು ತಡೆಯಲು ತಮ್ಮ ತೋಟಕ್ಕೆ ವರ್ಷ ವರ್ಷ ಬೋರ್ಡೋ (ಮೈಲುತುತ್ತು, ಸುಣ್ಣದ ದ್ರಾವಣ) ಹೊಡೆಸುವ ಆ ಪೋಷಕರಿಗೂ ಈ ಸಂಗತಿ ಗೊತ್ತು, ಹೆಸರು ಮಾತ್ರ ಬೇರೆ.

ಶಿಲೀಂಧ್ರ ಶಿಲೀಂಧ್ರವಾಗಿಯೇ ಉಳಿಯಿತಲ್ಲ ಎಂದು ಅವರು ಮರುಪ್ರಶ್ನೆ ಹಾಕಬಹುದು, ಹಾಕಲಿ. ಜಮ್ಮುವಿನ ಕಾಲಾಕೋಟ್ ಕಡೆಯಲ್ಲಿ ಭೂವಿಜ್ಞಾನಿ ಎ. ರಂಗರಾವ್ ಅವರು ಸಂಗ್ರಹಿಸಿಟ್ಟಿದ್ದ ಕಲ್ಲುಗಳಲ್ಲಿ ಇಂಡೋಹ್ಯೂಸ್ ಎಂಬ ಸಣ್ಣ ಗೊರಸಿನ ಪ್ರಾಣಿಯ ಮೂಳೆಗಳಿದ್ದವು. ಸುಮಾರು 4.8 ಕೋಟಿ ವರ್ಷ ಹಿಂದಿನ, ಬರ್ಕದಷ್ಟೇ (ನಮ್ಮ ಕಾಡಿನ ಪುಟ್ಟ ಗೊರಸಿನ ಪ್ರಾಣಿ) ಗಾತ್ರದ ಆ ನೆಲದ ಪ್ರಾಣಿಯ ಕಿವಿಯ ಮೂಳೆ ತಿಮಿಂಗಿಲದ ಕಿವಿಯ ಮೂಳೆಯ ಹಾಗೆ ದಪ್ಪಗಿದೆಯೆಂಬುದು 2007ರಲ್ಲಿ ಪ್ರಕಟವಾಯಿತು. ತಿಮಿಂಗಿಲದ ಪೂರ್ವಜರು ನೆಲದ ಪ್ರಾಣಿಗಳೆಂಬುದಕ್ಕೆ ಅದೊಂದು ಸಾಕ್ಷಿ. ಇಂಥ ಒಂದು ಮೂಳೆ ತಪ್ಪು ಕಾಲದ ಪದರದಲ್ಲಿ ಸಿಕ್ಕರೆ ವಿಜ್ಞಾನಿಗಳು ತಮ್ಮ ಲೆಕ್ಕವನ್ನೇ ತಿದ್ದಬೇಕಾಗುತ್ತದೆ. ಸೃಷ್ಟಿಕಥೆಗೆ ಆ ಭಯವಿಲ್ಲ, ಏನು ಸಿಕ್ಕರೂ ದೇವರ ಇಚ್ಛೆಯೆಂದರೆ ಮುಗಿಯಿತು. ಹಾಗಿರುವುದರಿಂದಲೇ ಅದು ವಿಜ್ಞಾನದ ಪೀರಿಯಡ್ಡಿನಲ್ಲಿ ಕೂರಲಾರದು.

ಇನ್ನು, ಹೇಳಿಕೊಡುವುದಾದರೂ ಯಾವ ಸೃಷ್ಟಿಕಥೆಯನ್ನು? ಬ್ರಹ್ಮಾಂಡದ ಕಥೆಯೊಂದು, ಪುರುಷಸೂಕ್ತದ್ದು ಇನ್ನೊಂದು. ಬೈಬಲ್ಲಿನ ಆರು ದಿನ ಮತ್ತೊಂದು. ನಿನ್ನ ಜಿಲ್ಲೆಯ ಶ್ರವಣಬೆಳಗೊಳದ ಜೈನರನ್ನು ಕೇಳಿದರೆ ಲೋಕಕ್ಕೆ ಆದಿಯೂ ಇಲ್ಲ, ಕರ್ತನೂ ಇಲ್ಲ ಎನ್ನುತ್ತಾರೆ. ಋಗ್ವೇದದ ನಾಸದೀಯ ಸೂಕ್ತವಂತೂ, ಇದೆಲ್ಲ ಎಲ್ಲಿಂದ ಬಂತೆಂದು ಮೇಲಿರುವವನಿಗೆ ಗೊತ್ತಿರಬಹುದು, ಅವನಿಗೂ ಗೊತ್ತಿಲ್ಲದಿರಬಹುದು ಎಂದು ಕೈಬಿಡುತ್ತದೆ. (ನನಗೆ ಬಹಳ ಇಷ್ಟವಾದ ಸಾಲು ಅದು.)

ನಿನ್ನ ಶಾಲೆಗೆ ಬಂದ ಆ ಪೋಷಕರು ಕೇಳಿದ ಸಮಪಾಲನ್ನೇ ಅಮೆರಿಕದ ಲೂಸಿಯಾನ ರಾಜ್ಯ 1981ರಲ್ಲಿ ಕಾನೂನು ಮಾಡಿತ್ತು. 1987ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಅದನ್ನು ಹೊಡೆದುಹಾಕಿತು. ಆಗ ಸೃಷ್ಟಿವಾದದ ಪಠ್ಯವೊಂದರ ಕರಡಿನಲ್ಲಿ ‘ಸೃಷ್ಟಿ’ ಎಂದಿದ್ದ ಕಡೆಯೆಲ್ಲ ‘ವಿನ್ಯಾಸ’ ಎಂದು ತಿದ್ದಿದರು. ಅವಸರದಲ್ಲಿ ಒಂದು ಕಡೆ ಹಳೆಯ ಪದದ ತಲೆಬಾಲಗಳು ಹೊಸ ಪದಕ್ಕೆ ಅಂಟಿಕೊಂಡೇ ಉಳಿದವು. ಆ ‘ವಿನ್ಯಾಸ’ದ ವಾದವನ್ನು ಶಾಲೆಗೆ ತಂದದ್ದರ ವಿರುದ್ಧ ಪೆನ್ಸಿಲ್ವೇನಿಯದ ಡೋವರ್ ಊರಿನ ಹನ್ನೊಂದು ಪೋಷಕರು ಹೂಡಿದ ಮೊಕದ್ದಮೆಯಲ್ಲಿ ಆ ಕರಡು ಹೊರಬಂದು, 2005ರಲ್ಲಿ ನ್ಯಾಯಾಧೀಶ ಜಾನ್ ಜೋನ್ಸ್ ಅವರು ಇದು ವಿಜ್ಞಾನವಲ್ಲವೆಂದು ತೀರ್ಪು ಕೊಟ್ಟರು. ನಮ್ಮಲ್ಲಿಯೂ ಪೂರ್ತಿ ಸರ್ಕಾರಿ ಹಣದಲ್ಲಿ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಕೂಡದೆಂದು ಸಂವಿಧಾನದ 28ನೇ ವಿಧಿ ಹೇಳುತ್ತದೆ. ಆದರೆ ಅದನ್ನು ಪೋಷಕರ ಮುಂದೆ ಮೊದಲಿಗೇ ತೆಗೆಯಬೇಡ. ಕಾನೂನು ತೋರಿಸಿದರೆ ಅವರು ಸುಮ್ಮನಾದಾರೇ ಹೊರತು ಒಪ್ಪಲಾರರು.

ಈಗ ನನ್ನದೊಂದು ತಪ್ಪನ್ನು ಹೇಳುತ್ತೇನೆ. ಕೆಲಸಕ್ಕೆ ಸೇರಿದ ಎರಡನೇ ವರ್ಷ, ಇದೇ ಪಾಠದ ನಡುವೆ ಹುಡುಗನೊಬ್ಬ ಎದ್ದು, “ಎಲ್ಲಾ ಬ್ರಹ್ಮ ಮಾಡಿದ್ದು ಅಂತಾರೆ ಸಾರ್ ನಮ್ಮಜ್ಜಿ” ಎಂದ. “ಹಾಗಾದರೆ ನಾಳೆಯಿಂದ ನಿಮ್ಮಜ್ಜಿಯನ್ನೇ ಪಾಠಕ್ಕೆ ಕರೆದುಕೊಂಡು ಬಾ” ಎಂದೆ. ತರಗತಿ ನಕ್ಕಿತು, ನನಗೂ ಹೆಮ್ಮೆಯಾಯಿತು. ಆ ಹುಡುಗ ಪರೀಕ್ಷೆಯಲ್ಲಿ ಪಾಠವನ್ನು ಅಕ್ಷರ ತಪ್ಪದೆ ಬರೆದ, ನಾನು ಪೂರ್ತಿ ಅಂಕ ಕೊಟ್ಟೆ, ವರ್ಷವಿಡೀ ಅವನು ಮತ್ತೊಂದು ಪ್ರಶ್ನೆ ಕೇಳಲಿಲ್ಲ. ನೀನು ಹಾಗೆ ಮಾಡಬೇಡ. ಅಜ್ಜಿಯ ಕಥೆಯನ್ನು ಕನ್ನಡದ ಪೀರಿಯಡ್ಡಿನಲ್ಲಿ ಪೂರ್ತಿಯಾಗಿ, ಗೌರವದಿಂದ ಹೇಳಿಸು. ಮಂಗನಿಂದ ಮನುಷ್ಯನಾದರೆ ಈಗಿನ ಮಂಗ ಯಾಕೆ ಆಗುವುದಿಲ್ಲವೆಂದು ಯಾರಾದರೂ ಕೇಳಿದರೆ, ನೀನೇನು ನಿನ್ನ ದೊಡ್ಡಪ್ಪನ ಮಗನಿಗೆ ಹುಟ್ಟಿದವನೇ, ಇಬ್ಬರಿಗೂ ಅಜ್ಜ ಒಬ್ಬನಲ್ಲವೇ ಎಂದು ಕೇಳು. ಮಿಕ್ಕದ್ದನ್ನು ಅವರೇ ಹೇಳುತ್ತಾರೆ.

ಎನ್‌ಸಿಇಆರ್‌ಟಿಯವರು ಹತ್ತನೇ ತರಗತಿಯ ಪುಸ್ತಕದಿಂದ ಜೀವವಿಕಾಸದ ಭಾಗವನ್ನು ಕೈಬಿಟ್ಟಾಗ, 2023ರಲ್ಲಿ 1,800ಕ್ಕೂ ಹೆಚ್ಚು ವಿಜ್ಞಾನಿಗಳೂ ಶಿಕ್ಷಕರೂ ಬಹಿರಂಗ ಪತ್ರಕ್ಕೆ ಸಹಿ ಹಾಕಿದ್ದು ನಿನಗೆ ನೆನಪಿರಬಹುದು. ಹೊರೆ ಇಳಿಸಿದೆವೆಂದರು, ಹನ್ನೆರಡರಲ್ಲಿ ಇದೆಯಲ್ಲ ಎಂದರು. ಹತ್ತರ ನಂತರ ವಿಜ್ಞಾನವನ್ನೇ ಬಿಡುವ ನಿನ್ನ ಮಕ್ಕಳಿಗೆ ಇದನ್ನು ಹೇಳುವವರು ನಿನ್ನ ಹೊರತು ಯಾರೂ ಇರುವುದಿಲ್ಲ. ಪುಸ್ತಕದಲ್ಲಿಲ್ಲದಿದ್ದರೂ ಅನುವಂಶೀಯತೆಯ ಪಾಠದ ಕೊನೆಗೆ ಎರಡು ಪೀರಿಯಡ್ಡು ಉಳಿಸಿಕೊ.

ಮುಂದಿನ ಭಾನುವಾರ ಬೋರ್ಡೋ ಹೊಡೆಸಬೇಕೆಂದಿದ್ದೇವೆ. ಶನಿವಾರವೇ ಬಂದುಬಿಡು, ತುಕ್ಕು ಹತ್ತಿದ ಹತ್ತು ಎಲೆಗಳನ್ನು ಹಳೆಯ ಪುಸ್ತಕದಲ್ಲಿ ಒತ್ತಿಟ್ಟು ಕೊಡುತ್ತೇನೆ, ಜೊತೆಗೆ ಒಂದು ಕೈಲೆನ್ಸು ಕೂಡ. ಆ ಪೋಷಕರು ಮತ್ತೆ ಬಂದರೆ ಮೊದಲ ಎಲೆಯನ್ನು ಅವರ ಕೈಗೇ ಕೊಡು.

ಇಂತಿ ನಿನ್ನ ಸೋದರಮಾವ